ರಬ್ಬರಿನ ಗಡುವು, ಉಕ್ಕಿನ ಸದ್ದು

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರು ಹೋಬಳಿಯಲ್ಲಿ, ತೆಂಗು ಅಡಿಕೆಯ ತೋಟವುಳ್ಳ ಒಂದೇ ಮನೆಯ ಮುಂದೆ ಟ್ರ್ಯಾಕ್ಟರು, ಬೈಕು ಮತ್ತು ಸಣ್ಣ ಕಾರು ಮೂರೂ ನಿಂತಿರುವುದು ಈಗ ಅಪರೂಪವಲ್ಲ. ಮೂರರ ಎಂಜಿನ್ನಿನೊಳಗೂ ಒಂದೇ ಬಗೆಯ ಕೆಲಸ ನಡೆಯುತ್ತದೆ, ಆದರೆ ಆ ಕೆಲಸದ ಬಗ್ಗೆ ಊರಿನಲ್ಲಿ ಕೇಳಿಬರುವ ಮಾತು ಮೂರು ಬಗೆಯದು. ಟ್ರ್ಯಾಕ್ಟರಿನ ವಿಷಯದಲ್ಲಿ ಆ ಮಾತೇ ಹುಟ್ಟುವುದಿಲ್ಲ. ಬೈಕು ಹಳತಾದಾಗ 'ಟೈಮಿಂಗ್ ಚೈನ್ ಸೌಂಡ್ ಬರ್ತಿದೆ' ಎಂದು ಮೆಕ್ಯಾನಿಕ್ ಹೇಳುವ ಮೊದಲೇ ಮಾಲೀಕನಿಗೆ ಗೊತ್ತಾಗಿರುತ್ತದೆ. ಕಾರಿನ ವಿಷಯದಲ್ಲಿ ಮಾತ್ರ, ನಿನ್ನೆಯವರೆಗೆ ಯಾವ ಸದ್ದೂ ಮಾಡದೆ, ಪಿಕಪ್ ಕಳೆದುಕೊಳ್ಳದೆ ಓಡಿದ ಗಾಡಿ ಇಂದು ರಸ್ತೆಯ ನಡುವೆ ಒಮ್ಮೆಲೇ ನಿಂತುಬಿಡುತ್ತದೆ, ಮತ್ತು 'ಬೆಲ್ಟ್ ಹೋಗಿದೆ, ಹೆಡ್ ಇಳಿಸಬೇಕು' ಎಂಬ ಮಾತಿನ ಹಿಂದೆಯೇ ಬೆಲ್ಟಿನ ಬೆಲೆಯ ಹಲವು ಪಟ್ಟಿನ ಖರ್ಚು ಬಂದು ನಿಲ್ಲುತ್ತದೆ. ಅದೇ ಬೀದಿಯಲ್ಲಿ, ಅದೇ ಕಂಪನಿಯ, ಹೆಚ್ಚು ಕಡಿಮೆ ಅದೇ ಹೆಸರಿನ ಇನ್ನೊಂದು ಕಾರಿನ ಮಾಲೀಕನಿಗೆ 'ನಿಮ್ಮದು ಚೈನ್ ಗಾಡಿ, ಚಿಂತೆಯಿಲ್ಲ' ಎಂಬ ಭರವಸೆ ಸಿಕ್ಕಿರುತ್ತದೆ.

ಅಂಗೈಯಷ್ಟೂ ಅಗಲವಿಲ್ಲದ ಒಂದು ರಬ್ಬರ್ ಪಟ್ಟಿ ಹರಿದರೆ ಕಬ್ಬಿಣ, ಅಲ್ಯುಮಿನಿಯಮ್ಮಿನ ಎಂಜಿನ್ ಏಕೆ ಹಾಳಾಗಬೇಕು, ಮತ್ತು ಉಕ್ಕಿನ ಸರಪಳಿ ಇದ್ದರೆ ನಿಜವಾಗಿಯೂ ಚಿಂತೆಯಿಲ್ಲವೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ. ಎಂಜಿನ್ನಿನೊಳಗೆ ಎರಡು ದಂಡಗಳು ಪರಸ್ಪರ ಕಾಯ್ದುಕೊಳ್ಳಬೇಕಾದ ಲೆಕ್ಕದಲ್ಲಿ ಆ ಉತ್ತರವನ್ನು ಹುಡುಕಬೇಕು.

ಎರಡು ಸುತ್ತಿಗೆ ಒಂದು ಸುತ್ತು

ಪೆಟ್ರೋಲ್ ಇರಲಿ ಡೀಸೆಲ್ ಇರಲಿ, ಕಾರಿನ ಎಂಜಿನ್ನಿನ ಪ್ರತಿ ಸಿಲಿಂಡರಿನಲ್ಲಿ ಪಿಸ್ಟನ್ ನಾಲ್ಕು ಹೆಜ್ಜೆಯ ಕೆಲಸ ಮಾಡುತ್ತದೆ: ಕೆಳಗಿಳಿಯುತ್ತ ಗಾಳಿಯನ್ನು ಒಳಗೆಳೆದುಕೊಳ್ಳುವುದು, ಮೇಲೇರುತ್ತ ಅದನ್ನು ಒತ್ತುವುದು, ಇಂಧನ ಉರಿದಾಗ ಮತ್ತೆ ಕೆಳಕ್ಕೆ ತಳ್ಳಿಸಿಕೊಳ್ಳುವುದು, ಕೊನೆಗೆ ಮೇಲೇರುತ್ತ ಸುಟ್ಟ ಹೊಗೆಯನ್ನು ಹೊರದೂಡುವುದು. ಪಿಸ್ಟನ್ನಿನ ಈ ಏರಿಳಿತವನ್ನು ತಿರುಗುವಿಕೆಯಾಗಿ ಮಾರ್ಪಡಿಸುವ ಕೆಳಗಿನ ದಂಡವೇ ಕ್ರ್ಯಾಂಕ್ ಶಾಫ್ಟ್. ನಾಲ್ಕು ಹೆಜ್ಜೆ ಮುಗಿಯುವಷ್ಟರಲ್ಲಿ ಅದು ಎರಡು ಸುತ್ತು ತಿರುಗಿರುತ್ತದೆ. ಗಾಳಿ ಬರಲು ಮತ್ತು ಹೊಗೆ ಹೋಗಲು ಸಿಲಿಂಡರಿನ ನೆತ್ತಿಯಲ್ಲಿ ಇರುವ ಬಾಗಿಲುಗಳು ವಾಲ್ವ್‌ಗಳು, ಅಂದರೆ ಕವಾಟಗಳು. ಇವುಗಳನ್ನು ಉಬ್ಬು ಅಂಚಿನಿಂದ ಒತ್ತಿ ತೆರೆಯುವ ಮೇಲಿನ ದಂಡ ಕ್ಯಾಮ್ ಶಾಫ್ಟ್. ಪ್ರತಿ ಕವಾಟವೂ ನಾಲ್ಕು ಹೆಜ್ಜೆಗೆ ಒಮ್ಮೆ ಮಾತ್ರ ತೆರೆಯಬೇಕಾದ್ದರಿಂದ ಈ ದಂಡ ಅಷ್ಟು ಹೊತ್ತಿಗೆ ಒಂದೇ ಸುತ್ತು ತಿರುಗಬೇಕು. ಆದ್ದರಿಂದಲೇ ಕ್ಯಾಮ್ ಶಾಫ್ಟಿನ ಹಲ್ಲುಗಾಲಿಗೆ ಕ್ರ್ಯಾಂಕ್ ಶಾಫ್ಟಿನದಕ್ಕಿಂತ ಸರಿಯಾಗಿ ಎರಡರಷ್ಟು ಹಲ್ಲುಗಳಿರುತ್ತವೆ.

ಎಂಜಿನ್ ನಿಮಿಷಕ್ಕೆ 3,000 ಸುತ್ತಿನಲ್ಲಿ ಓಡುವಾಗ ಕ್ರ್ಯಾಂಕ್ ಶಾಫ್ಟ್ ಸೆಕೆಂಡಿಗೆ 50 ಸುತ್ತು, ಕ್ಯಾಮ್ ಶಾಫ್ಟ್ 25 ಸುತ್ತು ಹಾಕುತ್ತದೆ, ಅಂದರೆ ಒಂದೊಂದು ಕವಾಟವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಕವಾಟ ತೆರೆಯುವುದೆಂದರೆ ಅದು ಸಿಲಿಂಡರಿನೊಳಕ್ಕೆ ಕೆಳಮುಖವಾಗಿ ಚಾಚಿಕೊಳ್ಳುವುದು. ಪಿಸ್ಟನ್ ಮೇಲೇರಿ ಬಂದು ತಲುಪುವ ಜಾಗವೂ ಅದೇ. ಇಂದಿನ ಬಹುತೇಕ ಸಣ್ಣ ಕಾರುಗಳ ಎಂಜಿನ್ನುಗಳಲ್ಲಿ ಒಂದೇ ಜಾಗವನ್ನು ಪಿಸ್ಟನ್ ಮತ್ತು ಕವಾಟ ಬೇರೆ ಬೇರೆ ಕ್ಷಣಗಳಲ್ಲಿ ಹಂಚಿಕೊಳ್ಳುತ್ತವೆ, ಏಕೆಂದರೆ ಗಾಳಿಯನ್ನು ಹೆಚ್ಚು ಒತ್ತಿದಷ್ಟೂ ಕಡಿಮೆ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ, ಮತ್ತು ಹೆಚ್ಚು ಒತ್ತಬೇಕಾದರೆ ನೆತ್ತಿಯಲ್ಲಿ ಖಾಲಿ ಜಾಗ ಉಳಿಸುವಂತಿಲ್ಲ. ಡೀಸೆಲ್ ಎಂಜಿನ್ನುಗಳಲ್ಲಿ ಈ ಇಕ್ಕಟ್ಟು ಇನ್ನೂ ಹೆಚ್ಚು. ಹೀಗೆ ಒಂದೇ ಜಾಗವನ್ನು ಸರದಿಯ ಮೇಲೆ ಬಳಸುವ ಎರಡು ಭಾಗಗಳ ನಡುವೆ ಇರುವ ಏಕೈಕ ರಕ್ಷಣೆ ಸರದಿಯ ನಿಖರತೆ. ಆ ಸರದಿಯನ್ನು ಕಾಯುವ ಕೊಂಡಿಯೇ ಟೈಮಿಂಗ್ ಬೆಲ್ಟ್, ಅಥವಾ ಟೈಮಿಂಗ್ ಚೈನ್.

ಜಾರಬಾರದ ಪಟ್ಟಿ

ಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಮೋಟರಿನಿಂದ ಬೀಸುವ ಕಲ್ಲಿಗೆ ಹಾಯುವ ಪಟ್ಟಿಯನ್ನು ನೋಡದವರಿಲ್ಲ. ಬುಟ್ಟಿಗೆ ಒಮ್ಮೆಲೇ ಹೆಚ್ಚು ರಾಗಿ ಸುರಿದರೆ ಕಲ್ಲು ಭಾರವಾಗಿ, ಪಟ್ಟಿ ಕಿರುಗುಟ್ಟುತ್ತ ಒಂದಿಷ್ಟು ಜಾರುತ್ತದೆ, ಹಿಟ್ಟು ಸ್ವಲ್ಪ ತರಿಯಾಗಬಹುದು, ಅಷ್ಟೇ. ಮೋಟರು ನೂರು ಸುತ್ತು ಸುತ್ತಿದಾಗ ಕಲ್ಲು ಯಾವ ಕೋನದಲ್ಲಿ ನಿಂತಿತ್ತು ಎಂಬುದು ಯಾರಿಗೂ ಬೇಕಾಗಿಲ್ಲ. ಆ ಪಟ್ಟಿಯ ಕೆಲಸ ಬಲವನ್ನು ಸಾಗಿಸುವುದು. ಟೈಮಿಂಗ್ ಬೆಲ್ಟ್ ಕೂಡ ಕವಾಟಗಳ ಸ್ಪ್ರಿಂಗುಗಳನ್ನು ಒತ್ತುವಷ್ಟು ಬಲವನ್ನು ಸಾಗಿಸುತ್ತದೆ, ಆದರೆ ಅದರ ಮುಖ್ಯ ಕೆಲಸ ಕೋನವನ್ನು ಸಾಗಿಸುವುದು, ಮೇಲಿನ ದಂಡ ಯಾವ ಕ್ಷಣದಲ್ಲೂ ಕೆಳಗಿನ ದಂಡಕ್ಕೆ ಹೊಂದಿಕೊಂಡ ನಿಗದಿತ ಜಾಗದಲ್ಲೇ ಇರುವಂತೆ ನೋಡಿಕೊಳ್ಳುವುದು. ಅದಕ್ಕಾಗಿಯೇ ಅದರ ಒಳಮೈಯಲ್ಲಿ ಹಲ್ಲುಗಳಿವೆ. ಕೆಳಗಿನ ಹಲ್ಲುಗಾಲಿಗೆ 20 ಹಲ್ಲುಗಳಿವೆ ಎಂದಿಟ್ಟುಕೊಂಡರೆ, ಬೆಲ್ಟ್ ಒಂದೇ ಒಂದು ಹಲ್ಲು ಹಾರಿದರೂ ಕ್ರ್ಯಾಂಕ್ ಶಾಫ್ಟಿನ ಲೆಕ್ಕದಲ್ಲಿ 18 ಡಿಗ್ರಿ ವ್ಯತ್ಯಾಸವಾಗುತ್ತದೆ. ಗಾಡಿ ಸ್ಟಾರ್ಟ್ ಆಗಬಹುದು, ಆದರೆ ಎಳೆಯುವುದಿಲ್ಲ. ಇನ್ನೂ ಕೆಲವು ಹಲ್ಲು ಹಾರಿದರೆ ಕವಾಟ ಮತ್ತು ಪಿಸ್ಟನ್ ತಾಗುವ ಸಂಭವ ಎದುರಾಗುತ್ತದೆ.

ಬಾನೆಟ್ ಎತ್ತಿದಾಗ ಕಣ್ಣಿಗೆ ಬೀಳುವ, ಆಲ್ಟರ್ನೇಟರನ್ನು ತಿರುಗಿಸುವ ಹೊರಗಿನ ಬೆಲ್ಟಿಗೂ ಇದಕ್ಕೂ ಸಂಬಂಧವಿಲ್ಲ. ಗ್ಯಾರೇಜಿನಲ್ಲಿ ಅದನ್ನು ಫ್ಯಾನ್ ಬೆಲ್ಟ್ ಎನ್ನುತ್ತಾರೆ. ಅದು ಹರಿದರೆ ಬ್ಯಾಟರಿ ಚಾರ್ಜ್ ಆಗದು, ಕೆಲವು ಗಾಡಿಗಳಲ್ಲಿ ಎಂಜಿನ್ ಕಾಯಲೂಬಹುದು, ಆದರೆ ಕವಾಟಗಳಿಗೆ ಧಕ್ಕೆಯಿಲ್ಲ. ಟೈಮಿಂಗ್ ಬೆಲ್ಟ್ ಎಂಜಿನ್ನಿನ ಪಕ್ಕದಲ್ಲಿ ಮುಚ್ಚಳದೊಳಗೆ ಇರುತ್ತದೆ. 'ಬೆಲ್ಟ್ ಹೋದ ವರ್ಷವೇ ಬದಲಿಸಿದೆ' ಎನ್ನುವ ಮಾಲೀಕರಲ್ಲಿ ಅನೇಕರು ಬದಲಿಸಿರುವುದು ಹೊರಗಿನದನ್ನು, ಮತ್ತು ಈ ಗೊಂದಲದಿಂದಲೇ ಒಳಗಿನದರ ಗಡುವು ಗಮನಕ್ಕೆ ಬಾರದೆ ಮೀರಿಹೋಗುತ್ತದೆ.

ದಂಡ ಮೇಲೇರಿದ ಕಥೆ

ಬಹುತೇಕ ಟ್ರ್ಯಾಕ್ಟರುಗಳಲ್ಲಿ ಕ್ಯಾಮ್ ಶಾಫ್ಟ್ ಕೆಳಗೆ, ಕ್ರ್ಯಾಂಕ್ ಶಾಫ್ಟಿನ ಮಗ್ಗುಲಲ್ಲೇ ಇರುವುದರಿಂದ ಎರಡನ್ನೂ ನೇರವಾಗಿ ಹಲ್ಲುಚಕ್ರಗಳಿಂದಲೇ ಜೋಡಿಸಬಹುದು, ಮತ್ತು ಆ ಚಕ್ರಗಳು ಎಂಜಿನ್ನಿನ ಆಯುಷ್ಯದುದ್ದಕ್ಕೂ ಸದ್ದಿಲ್ಲದೆ ಬಾಳುತ್ತವೆ. ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿಯ ಹಳೆಯ ಎಂಜಿನ್ನುಗಳಲ್ಲಿಯೂ ದಂಡ ಕೆಳಗೇ ಇತ್ತು. ಅದನ್ನು ಒಂದು ಗಿಡ್ಡ ಚೈನು ತಿರುಗಿಸುತ್ತಿತ್ತು, ಅಲ್ಲಿಂದ ಉದ್ದನೆಯ ಕಡ್ಡಿಗಳು ಮೇಲೆ ಹೋಗಿ ಕವಾಟಗಳನ್ನು ತಳ್ಳುತ್ತಿದ್ದವು. ಆದರೆ ಕಡ್ಡಿಗಳಿಗೂ ತೂಕವಿದೆ, ಎಂಜಿನ್ ವೇಗವಾದಂತೆಲ್ಲ ಅವು ಹಿಂದೆ ಬೀಳುತ್ತವೆ. ಸಣ್ಣ ಎಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆಯಬೇಕೆಂದರೆ ಅದನ್ನು ವೇಗವಾಗಿ ಓಡಿಸಬೇಕು, ವೇಗವಾಗಿ ಓಡಿಸಬೇಕೆಂದರೆ ಕಡ್ಡಿಗಳನ್ನು ಕೈಬಿಟ್ಟು ದಂಡವನ್ನೇ ಕವಾಟಗಳ ಮೇಲಕ್ಕೆ ಒಯ್ಯಬೇಕು, ಹಾಗೆ ಒಯ್ದರೆ ಕೆಳಗಿನ ದಂಡಕ್ಕೂ ಮೇಲಿನದಕ್ಕೂ ನಡುವಿನ ದೂರ ಹೆಚ್ಚಿ ಉದ್ದನೆಯ ಕೊಂಡಿ ಬೇಕಾಗುತ್ತದೆ. ಆ ಕಾಲದ ಉದ್ದನೆಯ ಚೈನು ಭಾರವಾಗಿತ್ತು, ಸದ್ದು ಮಾಡುತ್ತಿತ್ತು, ಅದಕ್ಕೆ ಸದಾ ಎಣ್ಣೆ ಉಣಿಸಬೇಕಿತ್ತು. ಈ ತೊಡಕಿಗೆ ಪಶ್ಚಿಮ ಜರ್ಮನಿಯ ಹನ್ಸ್ ಗ್ಲಾಸ್ ಕಂಪನಿಯು 1962ರ ತನ್ನ ಗ್ಲಾಸ್ 1004 ಕಾರಿನಲ್ಲಿ ಹಲ್ಲುಳ್ಳ ರಬ್ಬರ್ ಬೆಲ್ಟನ್ನು ಪರಿಹಾರವಾಗಿ ತಂದಿತು. ಹೇರಳವಾಗಿ ತಯಾರಾದ ಕಾರುಗಳಲ್ಲಿ ಟೈಮಿಂಗ್ ಬೆಲ್ಟ್ ಬಳಸಿದ ಮೊದಲನೆಯದು ಅದೇ. ಹಗುರ, ಅಗ್ಗ, ನಿಶ್ಶಬ್ದ, ಎಣ್ಣೆ ಬೇಡದ್ದು ಎಂಬ ಗುಣಗಳಿಂದ ಅದು ಮುಂದಿನ ಎರಡು ದಶಕಗಳಲ್ಲಿ ಸಣ್ಣ ಕಾರುಗಳ ಲೋಕವನ್ನು ಆವರಿಸಿತು.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರೊಂದಿಗೆ ಈ ಬೆಲ್ಟು ಭಾರತದ ಮಧ್ಯಮ ವರ್ಗದ ಮನೆಗಳಿಗೆ ಬಂದಿತು. ಝೆನ್, ಹ್ಯುಂಡೈ ಸ್ಯಾಂಟ್ರೊ, ಟಾಟಾ ಇಂಡಿಕಾದ ಡೀಸೆಲ್, ಎಲ್ಲವೂ ಬೆಲ್ಟಿನವೇ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2005ರಲ್ಲಿ ಹೊರಬಂದ ಇನ್ನೋವಾದ ಡೀಸೆಲ್ ಎಂಜಿನ್ನಿಗೂ ಬೆಲ್ಟೇ ಇತ್ತು, ಆದರೆ ನಿಗದಿತ ದೂರ ಮುಗಿದಾಗ ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಳ್ಳುವ 'ಟಿ-ಬೆಲ್ಟ್' ದೀಪವೊಂದನ್ನು ಅದಕ್ಕೆ ಕೊಟ್ಟಿದ್ದರು. ಸಣ್ಣ ಕಾರುಗಳಿಗೆ ಇಂಥ ದೀಪ ಸಿಗದೇ ಹೋದದ್ದು ದೊಡ್ಡ ಕೊರತೆಯೆಂದೇ ಹೇಳಬೇಕು. ಅಷ್ಟರಲ್ಲಿ ಚೈನು ಸಪೂರವಾಗಿ, ನಿಶ್ಶಬ್ದವಾಗಿ ಮರಳಿತ್ತು. 2007ರ ಸ್ವಿಫ್ಟ್ ಡೀಸೆಲ್‌ನ 1.3 ಲೀಟರಿನ ಎಂಜಿನ್ನಿಗೆ ಚೈನು, 2008ರ ಎ-ಸ್ಟಾರ್‌ನೊಂದಿಗೆ ಬಂದ ಮಾರುತಿಯ ಕೆ ಸರಣಿಯ ಎಂಜಿನ್ನಿಗೆ ಚೈನು, 2016ರ ಇನ್ನೋವಾ ಕ್ರಿಸ್ಟಾದ ಡೀಸೆಲ್ಲಿಗೂ ಚೈನೇ. ಹಳೆಯದೂ ಹೊಸದೂ ಜೊತೆಜೊತೆಗೆ ಮಾರಾಟವಾದ ವರ್ಷಗಳಲ್ಲಿ ಒಂದೇ ಷೋರೂಮಿನಲ್ಲಿ ಆಲ್ಟೊ 800 ಬೆಲ್ಟಿನೊಂದಿಗೆ, ಆಲ್ಟೊ ಕೆ10 ಚೈನಿನೊಂದಿಗೆ ನಿಂತಿದ್ದವು. ಹ್ಯುಂಡೈ ಐ10ರಲ್ಲಂತೂ ಒಂದೇ ಹೆಸರಿನ ಕಾರಿನ 1.1 ಲೀಟರಿನದಕ್ಕೆ ಬೆಲ್ಟು, 1.2 ಲೀಟರಿನ ಕಪ್ಪಾ ಎಂಜಿನ್ನಿಗೆ ಚೈನು. ಆದ್ದರಿಂದ ಕಾರಿನ ಹೆಸರು ನೋಡಿ ಒಳಗಿರುವುದು ಯಾವುದೆಂದು ಹೇಳುವಂತಿಲ್ಲ. ಎಂಜಿನ್ ಯಾವುದೆಂದು ತಿಳಿದಿರಬೇಕು.

ಹರಿದ ಆ ಕ್ಷಣ

ಬೆಲ್ಟ್ ಹರಿದರೆ ಎಂಜಿನ್ ಸುಮ್ಮನೆ ನಿಲ್ಲಬಾರದೇ ಎಂಬ ಪ್ರಶ್ನೆ ಸಹಜವಾದದ್ದು. ಮೇಲಿನ ದಂಡ ಹಾಗೆಯೇ ನಿಲ್ಲುತ್ತದೆ. ಕವಾಟಗಳ ಬಿಗಿಯಾದ ಸ್ಪ್ರಿಂಗುಗಳು ಅದನ್ನು ಕ್ಷಣಾರ್ಧದಲ್ಲಿ ತಡೆದು ನಿಲ್ಲಿಸುತ್ತವೆ, ಮತ್ತು ಆಗ ಯಾವುದೋ ಒಂದು ಸಿಲಿಂಡರಿನ ಕವಾಟ ತೆರೆದ ಸ್ಥಿತಿಯಲ್ಲೇ ಉಳಿಯುತ್ತದೆ. ಕೆಳಗಿನ ದಂಡ ಮಾತ್ರ ನಿಲ್ಲುವುದಿಲ್ಲ, ಏಕೆಂದರೆ ಗಾಡಿ ಗೇರಿನಲ್ಲಿದೆ, ಓಡುತ್ತಿರುವ ಚಕ್ರಗಳೇ ಅದನ್ನು ತಿರುಗಿಸುತ್ತಿವೆ. ಹೀಗೆ ಇನ್ನೂ ಸೆಕೆಂಡಿಗೆ ಹತ್ತಾರು ಬಾರಿ ಮೇಲೇರುತ್ತಿರುವ ಪಿಸ್ಟನ್ನು ಸರದಿ ತಪ್ಪಿ ನಿಂತಿರುವ ಕವಾಟಕ್ಕೆ ಬಡಿಯುತ್ತದೆ, ಕವಾಟದ ಕಾಂಡ ಬಾಗುತ್ತದೆ, ಕೆಲವೊಮ್ಮೆ ಅದನ್ನು ಹಿಡಿದಿರುವ ಗೈಡ್ ಸೀಳುತ್ತದೆ, ಪಿಸ್ಟನ್ನಿನ ನೆತ್ತಿಗೆ ಪೆಟ್ಟಾಗುತ್ತದೆ. ಚಾಲಕನಿಗೆ ಗೊತ್ತಾಗುವಷ್ಟರಲ್ಲಿ ಆಗಬೇಕಾದ ಹಾನಿಯ ಬಹುಪಾಲು ಆಗಿಹೋಗಿರುತ್ತದೆ. ಕವಾಟ ಪೂರ್ತಿ ತೆರೆದರೂ ಪಿಸ್ಟನ್ನಿಗೆ ತಾಗದಷ್ಟು ಜಾಗ ಬಿಟ್ಟಿರುವ ಎಂಜಿನ್ನುಗಳೂ ಇವೆ, ಅವುಗಳಲ್ಲಿ ಹೊಸ ಬೆಲ್ಟ್ ಹಾಕಿದರೆ ಗಾಡಿ ಎಂದಿನಂತೆ ಓಡುತ್ತದೆ; ಆದರೆ ಒತ್ತಡ ಹೆಚ್ಚಿಸಿ ಇಂಧನ ಉಳಿಸುವ ಈ ಕಾಲದಲ್ಲಿ ಅವುಗಳ ಸಂಖ್ಯೆ ಕಡಿಮೆ.

ನಿಂತ ಗಾಡಿಯನ್ನು ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದು ಇಂಥ ಹೊತ್ತಿನಲ್ಲಿ ಕೆಟ್ಟದ್ದು. ಬೆಲ್ಟ್ ಹರಿದಿದ್ದರೆ ಸೆಲ್ಫ್ ಮೋಟರಿನ ಸದ್ದೇ ಬದಲಾಗುತ್ತದೆ: ಒತ್ತಡದ ಏರಿಳಿತವಿಲ್ಲದೆ, ಎಂಜಿನ್ ಎಂದಿಗಿಂತ ಹಗುರವಾಗಿ, ವೇಗವಾಗಿ ಗರಗರನೆ ತಿರುಗುತ್ತದೆ. ಆ ಸದ್ದು ಕೇಳಿದ ಮೇಲೆ ಕೀಲಿಕೈಯಿಂದ ಕೈ ತೆಗೆದು, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಎಳೆಸಿಕೊಂಡು ಹೋಗುವುದೊಂದೇ ದಾರಿ. ಗೇರಿನಲ್ಲಿಟ್ಟು ತಳ್ಳಿಸಿದರೆ ಬಾಗದೆ ಉಳಿದಿದ್ದ ಕವಾಟಗಳೂ ಬಾಗುತ್ತವೆ.

ಓಡದ ಕಾರಿನ ಬೆಲ್ಟು

ಟೈಮಿಂಗ್ ಬೆಲ್ಟ್ ಬರಿಯ ರಬ್ಬರಲ್ಲ. ಅದರ ಬೆನ್ನೊಳಗೆ ಗಾಜಿನ ನಾರಿನ ಹುರಿಗಳು ಉದ್ದಕ್ಕೂ ಹಾಯ್ದಿರುತ್ತವೆ, ಹಲ್ಲುಗಳ ಮೇಲೆ ನೈಲಾನ್ ಬಟ್ಟೆಯ ಹೊದಿಕೆ ಇರುತ್ತದೆ, ಇವೆರಡನ್ನೂ ಬಿಸಿ ತಡೆಯುವ ವಿಶೇಷ ರಬ್ಬರು ಹಿಡಿದಿಟ್ಟಿರುತ್ತದೆ. ಗಾಜಿನ ನಾರು ಎಳೆತಕ್ಕೆ ಹಿಗ್ಗುವುದಿಲ್ಲ, ಆದ್ದರಿಂದಲೇ ಬೆಲ್ಟು ಕೊನೆಯ ದಿನದವರೆಗೂ ಸರದಿಯನ್ನು ನಿಖರವಾಗಿ ಕಾಯುತ್ತದೆ. ಅದರ ದೊಡ್ಡ ಗುಣವೂ ದೊಡ್ಡ ಅಪಾಯವೂ ಇದೇ. ಹಲ್ಲುಗಾಲಿಗಳ ಮೇಲೆ ಬಾಗಿ ಬಾಗಿ ನಾರುಗಳು ಒಳಗೇ ಒಂದೊಂದಾಗಿ ಕಡಿಯುತ್ತಿರುತ್ತವೆ, ಬಿಸಿಗೆ ಮತ್ತು ಗಾಳಿಯಲ್ಲಿರುವ ಓಝೋನಿಗೆ ರಬ್ಬರು ಬಿರುಸಾಗುತ್ತಿರುತ್ತದೆ, ಹಲ್ಲುಗಳ ಬುಡದಲ್ಲಿ ಬಿರುಕು ಮೂಡುತ್ತಿರುತ್ತದೆ, ಆದರೂ ಎಂಜಿನ್ನಿನ ಓಟದಲ್ಲಿ ಏನೂ ವ್ಯತ್ಯಾಸವಿರುವುದಿಲ್ಲ. ಉಳಿದ ನಾರುಗಳಿಗೆ ಭಾರ ತಡೆಯದಾದ ದಿನ ಬೆಲ್ಟು ಒಮ್ಮೆಲೇ ಹರಿಯುತ್ತದೆ, ಇಲ್ಲವೇ ಸಾಲಾಗಿ ಹಲವು ಹಲ್ಲುಗಳು ಕಿತ್ತುಹೋಗುತ್ತವೆ. ಮುಚ್ಚಳ ತೆಗೆದು ನೋಡಿದಾಗ ನುಣುಪಾಗಿ ಕಂಡ ಬೆಲ್ಟು ಗಟ್ಟಿಯಾಗಿದೆ ಎಂದು ಹೇಳಲು ಬರುವುದಿಲ್ಲ, ಏಕೆಂದರೆ ಸವೆತ ಇರುವುದು ಕಣ್ಣಿಗೆ ಕಾಣದ ಹುರಿಯಲ್ಲಿ.

ಸದ್ದಿನಿಂದ ತಿಳಿಯದ, ನೋಟದಿಂದ ತಿಳಿಯದ ಸವೆತಕ್ಕೆ ಗಡುವೊಂದೇ ಮದ್ದು. ತಯಾರಕರು ಕೊಡುವ ಗಡುವು ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರಿನ ನಡುವೆ ಇರುತ್ತದೆ, ಅದರ ಜೊತೆಗೆ ವರ್ಷಗಳ ಗಡುವೂ ಇರುತ್ತದೆ, ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದು ಲೆಕ್ಕ. ನಗರದ ಟ್ಯಾಕ್ಸಿಗೆ ಕಿಲೋಮೀಟರಿನ ಗಡುವು ಮೊದಲು ಬರುತ್ತದೆ. ಚೇಳೂರಿನ ಕಡೆಯ ಮನೆಯ ಕಾರಿಗೆ ಹಾಗಲ್ಲ. ಹಲಸಿನ ಸುಗ್ಗಿಯಲ್ಲಿ ಮಂಡಿಗೆ, ಗುಬ್ಬಿಯ ಚನ್ನಬಸವೇಶ್ವರನ ಜಾತ್ರೆಗೆ, ಕುಣಿಗಲ್ ಕಡೆಯ ಎಡೆಯೂರಿಗೆ, ತುಮಕೂರಿನ ಆಸ್ಪತ್ರೆಗೆ ಎಂದು ಆಗೀಗ ಹೊರಡುವ ಕಾರು ಸರಾಸರಿ ದಿನಕ್ಕೆ 10 ಕಿಲೋಮೀಟರ್ ಓಡಿತೆಂದರೆ ವರ್ಷಕ್ಕೆ 3,650 ಆಗುತ್ತದೆ. 60,000 ಮುಟ್ಟಲು 16 ವರ್ಷ ದಾಟಬೇಕು. ರಬ್ಬರು ಅಷ್ಟು ಕಾಲ ಕಾಯುವುದಿಲ್ಲ. ನಿಂತ ಗಾಡಿಯಲ್ಲಿಯೂ ಅದು ವಯಸ್ಸಾಗುತ್ತಲೇ ಇರುತ್ತದೆ, ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಬಾಗಿ ನಿಂತ ಜಾಗದಲ್ಲಿ ಇನ್ನಷ್ಟು ದಣಿಯುತ್ತದೆ. 'ಗಾಡಿ ಓಡಿಯೇ ಇಲ್ಲ, ಬೆಲ್ಟ್ ಏಕೆ ಬದಲಿಸಬೇಕು' ಎಂಬ ವಾದ ಕೇಳಲು ನ್ಯಾಯವಾಗಿದೆ, ಆದರೆ ಹೆಚ್ಚು ಎಂಜಿನ್ನುಗಳು ಕೆಡುವುದು ಇದೇ ವಾದದಿಂದ.

ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಈ ಕಷ್ಟ ಇಮ್ಮಡಿಯಾಗುತ್ತದೆ. ಹೊಗೆಯ ಹೊಸ ನಿಯಮ ಜಾರಿಯಾದ 2010ರ ಏಪ್ರಿಲಿನಿಂದ ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಮಾರುತಿ 800ರ ಮಾರಾಟ ನಿಂತಿತು, 2014ರ ಜನವರಿಯಲ್ಲಿ ಅದರ ತಯಾರಿಕೆಯೂ ಕೊನೆಗೊಂಡಿತು. ಅಂಥ ಹಳೆಯ ಕಾರು ಕೈಯಿಂದ ಕೈಗೆ ದಾಟಿ ಹೋಬಳಿಗೆ ಬರುವ ಹೊತ್ತಿಗೆ ಸರ್ವಿಸ್ ಪುಸ್ತಕ ಕಳೆದಿರುತ್ತದೆ, ಮೀಟರಿನ ಅಂಕಿಯನ್ನು ನಂಬುವಂತಿರುವುದಿಲ್ಲ. ಬೆಲ್ಟ್ ಬದಲಿಸಿದ ದಿನಾಂಕಕ್ಕೆ ಕಾಗದದ ಆಧಾರವಿಲ್ಲದಿದ್ದರೆ ಅದರ ಗಡುವು ಮುಗಿದಿದೆ ಎಂದೇ ತಿಳಿದು, ಕೊಂಡ ವಾರದಲ್ಲೇ ಬದಲಿಸುವುದು ಸರಿಯಾದ ಕ್ರಮ. ಸೀಟಿನ ಕವರಿಗೂ ಪೇಂಟಿಗೂ ಮೊದಲು ಹಣ ಹೋಗಬೇಕಾದದ್ದು ಇದಕ್ಕೆ.

ಚೈನು ಉದ್ದವಾಗುವ ಬಗೆ

ಚೈನು ಬೆಲ್ಟಿನಂತೆ ಏಕಾಏಕಿ ಹರಿಯುವುದು ಅಪರೂಪ. ಅದು ಉದ್ದವಾಗುತ್ತದೆ. ಉಕ್ಕಿನ ಪಟ್ಟಿಗಳು ಎಳೆದೆಳೆದು ಹಿಗ್ಗುತ್ತವೆ ಎಂಬುದು ಸಾಮಾನ್ಯ ತಿಳಿವಳಿಕೆ, ನಿಜವಾಗಿ ಆಗುವುದು ಬೇರೆ: ಒಂದೊಂದು ಕೊಂಡಿಯಲ್ಲೂ ಇರುವ ಪಿನ್ನು, ಅದು ತಿರುಗುವ ರಂಧ್ರ, ಎರಡೂ ಒಂದಿಷ್ಟಿಷ್ಟೇ ಸವೆಯುತ್ತವೆ. ಒಂದು ಕೀಲು ಮಿಲಿಮೀಟರಿನ 100ರಲ್ಲಿ 2 ಭಾಗ ಸವೆದರೆ ಅದು ಲೆಕ್ಕಕ್ಕಿಲ್ಲದ ಸವೆತ, ಆದರೆ ಚೈನಿನಲ್ಲಿ 100 ಕೀಲುಗಳಿದ್ದರೆ ಒಟ್ಟು ಉದ್ದ 2 ಮಿಲಿಮೀಟರ್ ಹೆಚ್ಚುತ್ತದೆ. ಉದ್ದ ಹೆಚ್ಚಿದಷ್ಟು ಮೇಲಿನ ದಂಡ ಕೆಳಗಿನದಕ್ಕಿಂತ ಹಿಂದೆ ಬೀಳುತ್ತದೆ, ಕವಾಟಗಳು ತಡವಾಗಿ ತೆರೆದು ತಡವಾಗಿ ಮುಚ್ಚುತ್ತವೆ, ಪಿಕಪ್ಪೂ ಮೈಲೇಜೂ ಇಳಿಯುತ್ತವೆ. ಈಚಿನ ಕಾರುಗಳಲ್ಲಿ ಎರಡೂ ದಂಡಗಳ ಸ್ಥಾನವನ್ನು ಅಳೆಯುವ ಸೆನ್ಸರುಗಳಿದ್ದು, ಎರಡರ ಲೆಕ್ಕ ತಾಳೆಯಾಗದಿದ್ದಾಗ ಎಂಜಿನ್ ಚಿಹ್ನೆಯ ಹಳದಿ ದೀಪ ಹೊತ್ತುತ್ತದೆ. ಸ್ಕ್ಯಾನರ್ ಹಾಕಿದ ಮೆಕ್ಯಾನಿಕ್‌ಗೆ ಕಾಣುವ 'ಪಿ0016' ಎಂಬ ಸಂಕೇತದ ಅರ್ಥ ಇದೇ.

ಸಡಿಲವಾದ ಚೈನನ್ನು ಬಿಗಿಯಾಗಿ ಒತ್ತಿಹಿಡಿಯಲು ಟೆನ್ಷನರ್ ಎಂಬ ಭಾಗವಿದೆ, ಮತ್ತು ಹೆಚ್ಚಿನ ಕಾರುಗಳಲ್ಲಿ ಅದಕ್ಕೆ ಬಲ ಕೊಡುವುದು ಎಂಜಿನ್ ಆಯಿಲಿನ ಒತ್ತಡ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಇನ್ನೂ ಅಲ್ಲಿಗೆ ತಲುಪಿರುವುದಿಲ್ಲ. ಆ ಒಂದೆರಡು ಸೆಕೆಂಡು ಸವೆದ ಚೈನು ತನ್ನ ದಾರಿಯ ಗೈಡುಗಳಿಗೆ ಬಡಿದು ಕಟಕಟನೆ ಸದ್ದು ಮಾಡುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಬೈಕಿನಲ್ಲಿ ಎಲ್ಲರಿಗೂ ಗುರುತಿರುವ ಸದ್ದು ಕಾರಿನಲ್ಲಿ ಹೀಗೆ ಕ್ಷಣಕಾಲ ಬಂದು ಹೋಗುವುದರಿಂದ ಅದನ್ನು ಕಡೆಗಣಿಸುವುದು ಸುಲಭ. ಆ ಸದ್ದು ದಿನದಿಂದ ದಿನಕ್ಕೆ ಉದ್ದವಾಗುತ್ತಿದ್ದರೆ ಚೈನು ತನ್ನ ಮಟ್ಟಿಗೆ ಎಚ್ಚರಿಕೆ ಕೊಟ್ಟಿದೆ ಎಂದೇ ಅರ್ಥ. ಇಂಥ ಗಾಡಿಯ ಬ್ಯಾಟರಿ ಇಳಿದಾಗ ತಳ್ಳಿ ಸ್ಟಾರ್ಟ್ ಮಾಡುವುದೂ ಅಪಾಯವೇ, ಏಕೆಂದರೆ ಆಯಿಲಿನ ಒತ್ತಡವಿಲ್ಲದ ಹೊತ್ತಿನಲ್ಲಿ ಬರುವ ಜರ್ಕಿಗೆ ಸಡಿಲ ಚೈನು ಹಲ್ಲು ಹಾರುವ ಸಂಭವ ಹೆಚ್ಚು.

ಹಾಗಾಗಿ ಚೈನಿನ ಆಯುಷ್ಯವನ್ನು ನಿರ್ಧರಿಸುವುದು ಉಕ್ಕಿಗಿಂತ ಹೆಚ್ಚಾಗಿ ಆಯಿಲು. ಕೀಲುಗಳ ನಡುವಿನ ತೆಳುವಾದ ಆಯಿಲಿನ ಪೊರೆ ಇರುವವರೆಗೆ ಪಿನ್ನು ರಂಧ್ರವನ್ನು ಉಜ್ಜುವುದಿಲ್ಲ. ಆಯಿಲ್ ಹಳತಾಗಿ, ಡೀಸೆಲ್ ಎಂಜಿನ್ನಿನ ಮಸಿಯಿಂದ ತುಂಬಿದಾಗ ಅದೇ ಆಯಿಲು ಕೀಲಿನೊಳಕ್ಕೆ ಸವೆಸುವ ಪುಡಿಯನ್ನು ಒಯ್ಯುತ್ತದೆ. ಮಣ್ಣಿನ ರಸ್ತೆಯ ಕೆಂಪು ದೂಳು ಹರಿದ ಏರ್ ಫಿಲ್ಟರಿನ ಮೂಲಕ ಒಳಸೇರಿದರೆ ಸವೆತ ಇನ್ನೂ ಬೇಗ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಮುಗಿಯುವ ಪುಟ್ಟ ಓಡಾಟಗಳಲ್ಲಿ ಉರಿಯದ ಪೆಟ್ರೋಲು ಮತ್ತು ನೀರಿನ ಹನಿ ಆಯಿಲಿಗೆ ಬೆರೆತು ಅದನ್ನು ತೆಳುವಾಗಿಸುತ್ತವೆ. ಆದ್ದರಿಂದ ಕಡಿಮೆ ಓಡುವ ಚೈನ್ ಗಾಡಿಗೂ ವರ್ಷಕ್ಕೊಮ್ಮೆ ಆಯಿಲ್ ಚೇಂಜ್ ತಪ್ಪಿಸಬಾರದು, ಕಂಪನಿ ಹೇಳಿದ ದರ್ಜೆಯದನ್ನೇ ಹಾಕಬೇಕು, ಮಟ್ಟದ ಕಡ್ಡಿಯನ್ನು ತಿಂಗಳಿಗೊಮ್ಮೆಯಾದರೂ ಎಳೆದು ನೋಡಬೇಕು. 'ಚೈನ್ ಗಾಡಿಗೆ ಚಿಂತೆಯಿಲ್ಲ' ಎಂಬ ಭರವಸೆಯನ್ನು ನಂಬಿ ಆಯಿಲನ್ನು ಮರೆತ ಮಾಲೀಕನಿಗೆ ಕೊನೆಗೆ ಬರುವ ಖರ್ಚು ಬೆಲ್ಟಿನದಕ್ಕಿಂತ ಹೆಚ್ಚು, ಏಕೆಂದರೆ ಚೈನು ಬದಲಿಸಲು ಎಂಜಿನ್ನಿನ ಮುಂಭಾಗವನ್ನೇ ಬಿಚ್ಚಬೇಕಾಗುತ್ತದೆ, ಕೆಲವು ಗಾಡಿಗಳಲ್ಲಿ ಎಂಜಿನ್ನನ್ನೇ ಇಳಿಸಬೇಕಾಗುತ್ತದೆ.

ಎರಡರ ನಡುವಿನ ಮೂರನೆಯ ಬಗೆಯೊಂದಿದೆ. ಫೋರ್ಡ್ ಕಂಪನಿಯ 1.0 ಲೀಟರಿನ ಇಕೋಬೂಸ್ಟ್ ಎಂಜಿನ್ನಿನಲ್ಲಿ ಬೆಲ್ಟನ್ನು ಎಂಜಿನ್ನಿನೊಳಗೆ ಆಯಿಲಿನಲ್ಲೇ ಓಡುವಂತೆ ಮಾಡಲಾಗಿತ್ತು. 2013ರ ಇಕೋಸ್ಪೋರ್ಟ್‌ನೊಂದಿಗೆ ಅದು ಭಾರತಕ್ಕೂ ಬಂದಿತು. ಬೇರೆ ದರ್ಜೆಯ ಆಯಿಲ್ ಹಾಕಿದರೆ ಇಂಥ ಬೆಲ್ಟಿನ ರಬ್ಬರು ಉದುರಿ ಆಯಿಲ್ ಪಂಪಿನ ಜಾಲರಿಯನ್ನು ಕಟ್ಟಬಹುದು. ಹೀಗಾಗಿ ಅದಕ್ಕೆ ಬೆಲ್ಟಿನ ಗಡುವೂ ಬೇಕು, ಚೈನಿಗೆ ಬೇಕಾದ ಆಯಿಲಿನ ಶಿಸ್ತೂ ಬೇಕು.

ಕೈಯಿಂದ ಎರಡು ಸುತ್ತು

ಬೆಲ್ಟ್ ಬದಲಿಸುವ ಕೆಲಸದಲ್ಲಿ ಬೆಲ್ಟಿನ ಬೆಲೆಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ದೊಡ್ಡದು, ಆದ್ದರಿಂದ ಅದೇ ಜಾಗದಲ್ಲಿರುವ ಇತರ ಭಾಗಗಳನ್ನು ಆಗಲೇ ನೋಡಿಕೊಳ್ಳುವುದು ಜಾಣತನ. ಬೆಲ್ಟನ್ನು ಒತ್ತಿಹಿಡಿಯುವ ಟೆನ್ಷನರಿನ ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟೂ ಹರಿಯುತ್ತದೆ. ಅನೇಕ ಎಂಜಿನ್ನುಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟು, ಪಂಪು ಹಿಡಿದುಕೊಂಡರೆ ಫಲ ಅದೇ. ದಂಡಗಳ ತುದಿಯ ಆಯಿಲ್ ಸೀಲು ಸೋರುತ್ತಿದ್ದರೆ, ಆಯಿಲಿಗೆ ರಬ್ಬರು ಊದಿ ಮೆತ್ತಗಾಗಿ ಹಲ್ಲುಗಳು ಬೇಗ ಕೀಳುತ್ತವೆ. ಬದಲಿಸಿದ ದಿನಾಂಕ ಮತ್ತು ಮೀಟರಿನ ಅಂಕಿಯನ್ನು ಬರೆದ ಚೀಟಿಯೊಂದನ್ನು ಬಾನೆಟ್ಟಿನ ಒಳಗೆ ಅಂಟಿಸುವ ಅಭ್ಯಾಸ ಕೆಲವು ಗ್ಯಾರೇಜುಗಳಲ್ಲಿದೆ, ಅದು ಎಲ್ಲ ಗ್ಯಾರೇಜುಗಳಿಗೂ ಬರಬೇಕು. ಇನ್ನೋವಾದ ದೀಪ ಮಾಡುವ ಕೆಲಸವನ್ನು ಆಲ್ಟೊದಲ್ಲಿ ಆ ಚೀಟಿ ಮಾಡುತ್ತದೆ.

ಹಲ್ಲುಗಾಲಿಗಳ ಮೇಲೆ ಕೊರೆದಿರುವ ಗುರುತುಗಳನ್ನು ಎಂಜಿನ್ನಿನ ಮೈಮೇಲಿನ ಗುರುತುಗಳಿಗೆ ಸರಿಹೊಂದಿಸಿ, ಬೆಲ್ಟು ಹಾಕಿ ಬಿಗಿಗೊಳಿಸಿದ ಮೇಲೆ, ಅನುಭವಿ ಮೆಕ್ಯಾನಿಕ್ ಕೂಡಲೇ ಕೀಲಿಕೈ ತಿರುಗಿಸುವುದಿಲ್ಲ. ಕ್ರ್ಯಾಂಕ್ ಶಾಫ್ಟಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ, ಕೈಯಿಂದ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸುತ್ತಾನೆ. ಕೆಳಗಿನ ದಂಡ ಎರಡು ಸುತ್ತು ಹಾಕಿದಾಗಲೇ ಮೇಲಿನದು ಒಂದು ಸುತ್ತು ಮುಗಿಸಿ ಗುರುತುಗಳು ಮತ್ತೆ ಎದುರುಬದುರಾಗುವುದರಿಂದ, ಒಂದು ಹಲ್ಲಿನ ತಪ್ಪಿದ್ದರೂ ಅಲ್ಲಿಯೇ ಕಾಣುತ್ತದೆ. ನಡುವೆ ಎಲ್ಲಿಯಾದರೂ ಲೋಹಕ್ಕೆ ಲೋಹ ತಾಗಿದಂತೆ ಸ್ಪ್ಯಾನರ್ ತಡೆದು ನಿಂತರೆ, ಒತ್ತಿ ತಿರುಗಿಸದೆ ಬೆಲ್ಟನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹೊಂದಿಸುತ್ತಾನೆ.